ಹಾಲ್‌ನಲ್ಲಿ ಇಂಜಿನ್ ಇದ್ದ ವರ್ಷ

ಬೇರೆಯವರ ಮನೆಯಲ್ಲಿ ಸೋಫಾ ಇರುವ ಜಾಗದಲ್ಲಿ ನಮ್ಮ ಮನೆಯಲ್ಲಿ ಒಂದು ವರ್ಷ ಜೂನ್‌ನಿಂದ ಅಕ್ಟೋಬರ್ ತನಕ ಕಾರಿನ ಇಂಜಿನ್ ಇತ್ತು. ದೋಹಾದ ಅಲ್ ಮುಂತಜಾದಲ್ಲಿ, ಒಬ್ಬ ಮುದುಕರ ಹಳೆಯ ಮನೆಯ ಹಿಂಭಾಗದಲ್ಲಿ, ನಮ್ಮದು ಎರಡು ಕೋಣೆ. ಮುಂದಿನದನ್ನು ಹಾಲ್ ಎನ್ನುತ್ತಿದ್ದೆವು, ಹಿಂದಿನದರಲ್ಲಿ ಮೂವರೂ ಮಲಗುತ್ತಿದ್ದೆವು, ಎರಡರ ನಡುವಿನ ಇಕ್ಕಟ್ಟಿನಲ್ಲಿ ಅಡುಗೆ. ಹಾಲ್‌ಗೆ ಇದ್ದದ್ದು ಒಂದೇ ಕಿಟಕಿ, ಅದರ ಮುಕ್ಕಾಲು ಪಾಲನ್ನು ಎ.ಸಿ. ನುಂಗಿತ್ತು. ಆ ಎ.ಸಿ.ಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ರಜೆಗೆ ಊರಿಗೆ ಹೋದಾಗ ಅಜ್ಜಿ ‘ಈ ಹುಡುಗಿ ಯಾಕೆ ಹೀಗೆ ಬೊಬ್ಬೆ ಹೊಡೀತದೆ’ ಎಂದು ಕೇಳುತ್ತಿದ್ದರು. ಒಂದು ಮೂಲೆಯಲ್ಲಿ ದೇವರ ಸ್ಟ್ಯಾಂಡು, ಇನ್ನೊಂದರಲ್ಲಿ ಅಮ್ಮನ ಹೊಲಿಗೆ ಮೆಷಿನ್, ಗೋಡೆಗೆ ಒರಗಿಸಿದ ನನ್ನ ಓದುವ ಮೇಜು. ಉಳಿದ ಜಾಗಕ್ಕೆ ಸೋಫಾ ಬರಬೇಕೆಂದು ಅಮ್ಮ ಎರಡು ವರ್ಷದಿಂದ ಹೇಳುತ್ತ ಬಂದಿದ್ದಳು. ಜೂನ್ ತಿಂಗಳ ಒಂದು ಶುಕ್ರವಾರ ಅಪ್ಪ ಮತ್ತು ಅವರ ಗ್ಯಾರೇಜಿನ ಇಬ್ಬರು ಸೇರಿ ಕಂಬಳಿಯಲ್ಲಿ ಸುತ್ತಿದ ಇಂಜಿನನ್ನು ಹೊತ್ತು ತಂದು ಸರಿಯಾಗಿ ಅಲ್ಲೇ ಇಳಿಸಿದರು. ಮನೆಯಲ್ಲಿ ನಮ್ಮದು ತುಳು. ಅಂದಿನ ಜಗಳ ಹೆಚ್ಚುಕಡಿಮೆ ಹೀಗಿತ್ತು:

“ಇದೆಂತದು ಇವ್ರೆ? ಇದನ್ನು ಇಲ್ಲಿ ಇಡ್ಲಿಕ್ಕಾ?”

“ಹೊರಗೆ ಶೆಡ್ಡಿನಲ್ಲಿ ಸ್ಪಾನರ್ ಮುಟ್ಟಿದ್ರೆ ಕೈ ಸುಡ್ತದೆ ಮಾರಾಯ್ತಿ. ಈ ಸೆಕೆಯಲ್ಲಿ ಅಲ್ಲಿ ಕೂತು ಅಳತೆ ಹಿಡೀಲಿಕ್ಕೆ ಆಗ್ತದಾ?”

“ಹಾಗಾದ್ರೆ ಅದು ಎ.ಸಿ.ಯಲ್ಲಿ ಇರ್ಲಿ. ನಾನೇ ಶೆಡ್ಡಿಗೆ ಹೋಗ್ತೇನೆ.”

ಅಮ್ಮ ಶೆಡ್ಡಿಗೆ ಹೋಗಲಿಲ್ಲ, ಆದರೆ ಮೂರು ದಿನ ಅಪ್ಪನಿಗೆ ಚಾ ಕೊಡುವಾಗ ಲೋಟ ಕುಕ್ಕಿಯೇ ಇಟ್ಟಳು. ನಾಲ್ಕನೆಯ ದಿನ ಇಂಜಿನಿನ ಕೆಳಗೆ ಹಳೆಯ ಬೆಡ್‌ಶೀಟು ಹಾಸಿದಳು. ಅದು ಒಪ್ಪಿಗೆ ಎಂದು ನಾನು, ಅಪ್ಪ ಇಬ್ಬರೂ ತಿಳಿದುಕೊಂಡೆವು. ನನ್ನ ಅಮ್ಮ ಬಾಯಿಬಿಟ್ಟು ‘ಆಯ್ತು’ ಎಂದದ್ದನ್ನು ನಾನು ಜೀವಮಾನದಲ್ಲಿ ಹೆಚ್ಚು ಸಲ ಕೇಳಿಲ್ಲ.

ಇಂಜಿನ್ ಮನೆಯ ಯಜಮಾನರದ್ದು. ಅವರನ್ನು ಎಲ್ಲರೂ ಹಾಜಿ ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತಿದ್ದೆವು. ಮುಂಭಾಗದ ದೊಡ್ಡ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದರು. ಹಿಂದಿ ಚೆನ್ನಾಗಿ ಬರುತ್ತಿತ್ತು, ಅದನ್ನು ಇಲ್ಲಿ ನಾನು ಕನ್ನಡ ಮಾಡುತ್ತಿದ್ದೇನೆ. ಶೆಡ್ಡಿನಲ್ಲಿ ಅವರ ಪ್ರಾಯಕಾಲದ ಒಂದು ಪುಟ್ಟ ಕಾರು ಧೂಳು ತಿನ್ನುತ್ತ ನಿಂತಿತ್ತು. ನಾಲ್ಕು ಜನ ಮೊಣಕಾಲು ಮಡಚಿ ಕೂರಬೇಕಾದ ಕಾರು. ಬಹಳ ವರ್ಷಗಳ ಹಿಂದೆ ಅವರು ತಮ್ಮ ಹುಟ್ಟೂರಾದ ಅಲ್ ಶಮಾಲ್‌ನ ಕಡಲಬದಿಗೆ ಅದರಲ್ಲೇ ಹೋಗಿಬರುತ್ತಿದ್ದರಂತೆ. ಈಗ ಅವರ ಎರಡೂ ಕಣ್ಣು ಮಂಜಾಗುತ್ತಿದ್ದವು. ಅಕ್ಟೋಬರ್ ಕೊನೆಗೆ ಹೊರದೇಶದಲ್ಲಿ ಆಪರೇಷನ್. ಆದ ಮೇಲೆ ಕಾಣುತ್ತದೆ ಎಂದು ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಅಪ್ಪ ಒಂದು ಕಂಪನಿಯ ಗ್ಯಾರೇಜಿನಲ್ಲಿ ದೊಡ್ಡ ಗಾಡಿಗಳ ಮೆಕ್ಯಾನಿಕ್. ಆದರೆ ಅವರು ಕೆಲಸ ಕಲಿತದ್ದು ಮಂಗಳೂರಿನಲ್ಲಿ, ಇಂಥದೇ ಸಣ್ಣ ಕಾರುಗಳ ಮೇಲೆ. ಹಾಜಿ ಒಂದು ದಿನ ನಮ್ಮ ಬಾಗಿಲಿಗೆ ಬಂದು ಕೇಳಿದರು:

“ಆಪರೇಷನ್‌ಗೆ ಮೊದಲು ಒಂದು ಸಲ ಶಮಾಲ್ ನೋಡಬೇಕು. ಈ ಗಾಡಿಯಲ್ಲಿ. ಆಗುತ್ತದಾ?”

ಅಪ್ಪ ಹಿಂದೆಮುಂದೆ ನೋಡದೆ “ಮಾಫಿ ಮುಶ್ಕಿಲ್, ಹಾಜಿ” ಎಂದುಬಿಟ್ಟರು. ಏನೂ ಕಷ್ಟವಿಲ್ಲ ಎಂದು. ಕಷ್ಟ ಎಷ್ಟಿದೆ ಎಂದು ಇಂಜಿನ್ ಬಿಚ್ಚಿದ ಮೇಲೆ ಗೊತ್ತಾಯಿತು.

ಆ ಬೇಸಗೆ ನನಗೆ ಹನ್ನೊಂದು ವರ್ಷ. ಶುಕ್ರವಾರ ಬೆಳಿಗ್ಗೆ ನೀರುದೋಸೆ, ಕೋಳಿ ಗಸಿ ತಿಂದು, ಅಪ್ಪ ಲುಂಗಿ ಮೇಲೆ ಕಟ್ಟಿ ಇಂಜಿನಿನ ಮುಂದೆ ಕೂರುತ್ತಿದ್ದರು. ನಾನು ಹೋಮ್‌ವರ್ಕ್ ಬಿಟ್ಟು ಪಕ್ಕಕ್ಕೆ ಬರುತ್ತಿದ್ದೆ. ಅಪ್ಪ ಬೈಯುತ್ತಿರಲಿಲ್ಲ. ಗ್ಯಾರೇಜಿನಲ್ಲಿ ದಿನವಿಡೀ ಯಾರದೋ ಅವಸರಕ್ಕೆ ಕೆಲಸ ಮಾಡುವ ಮನುಷ್ಯ, ಮನೆಯಲ್ಲಿ ಮಾತ್ರ ತಮ್ಮ ಇಷ್ಟದಷ್ಟು ನಿಧಾನ ಮಾಡುತ್ತಿದ್ದರು. ಕ್ಯಾಮ್ ಎಂದರೇನು ಎಂದು ನಾನು ಕೇಳಿದಾಗ ಅವರು ಕೊಟ್ಟ ವಿವರಣೆ ನನಗೆ ಇವತ್ತಿಗೂ ಸಾಕು.

“ಇಂಜಿನ್ ಉಸಿರಾಡ್ಬೇಕಲ್ಲ ಮಗಾ. ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿಗೆ ಬಾಗಿಲು ತೆಗೀಬೇಕು. ತೆಗೆಯುವವ ಈ ಕ್ಯಾಮ್. ನಾನು ಕೆಲಸದಿಂದ ಬರುವಾಗ ನಿನ್ನಮ್ಮ ಬೇಗ ಬಾಗಿಲು ತೆಗೆದ್ರೆ ಎ.ಸಿ. ಹೊರಗೆ ಹೋಗ್ತದೆ. ತಡ ಮಾಡಿದ್ರೆ ನಾನು ಬಿಸಿಲಲ್ಲಿ ಸಾಯ್ತೇನೆ. ನಾನು ಮೆಟ್ಟಿಲಿಗೆ ಕಾಲಿಟ್ಟಾಗ ಸರಿಯಾಗಿ ತೆಗೀಬೇಕು. ಅದಕ್ಕೇ ಟೈಮಿಂಗ್ ಹೇಳುದು.”

“ಈ ಸಲ ಬೆಲ್ ಹೊಡೆದ್ರೂ ತೆಗೆಯುದಿಲ್ಲ, ನೋಡಿ ಬೇಕಾದ್ರೆ” ಎಂದಳು ಅಮ್ಮ ಒಳಗಿನಿಂದ.

ಪಿಸ್ಟನ್ನುಗಳನ್ನು ಆಡಿಸುವ ದಂಡಕ್ಕೆ ಒಂದು ಸಣ್ಣ ಹಲ್ಲುಚಕ್ರ, ಕ್ಯಾಮ್‌ಗೆ ಒಂದು ದೊಡ್ಡದು, ಎರಡನ್ನೂ ಸುತ್ತುವ ಒಂದು ಚೈನು. ಎರಡೂ ಚಕ್ರಗಳ ಮೇಲೆ ಕಂಪನಿಯವರು ಒಂದೊಂದು ಚುಕ್ಕೆ ಕೊರೆದಿರುತ್ತಾರೆ. ಚುಕ್ಕೆಗೆ ಚುಕ್ಕೆ ಎದುರಾಗುವಂತೆ ಚೈನು ಹಾಕಿದರೆ ಮುಗಿಯಿತು. ನಮ್ಮ ಇಂಜಿನಿನ ದೊಡ್ಡ ಚಕ್ರದ ಹಲ್ಲು ಸವೆದುಹೋಗಿತ್ತು. ಅಪ್ಪ ಎಲ್ಲೆಲ್ಲೋ ಹುಡುಕಿ ಬೇರೊಂದನ್ನು ತಂದರು. ಅದರ ಮೇಲೆ ಚುಕ್ಕೆಯೇ ಇರಲಿಲ್ಲ. ಅಂದರೆ ಯಾವ ಹಲ್ಲು ಎಲ್ಲಿಗೆ ಬರಬೇಕೆಂದು ನಾವೇ ಅಳೆದು ಕಂಡುಕೊಳ್ಳಬೇಕು. ಅದಕ್ಕೆ ಮುನ್ನೂರ ಅರವತ್ತು ಡಿಗ್ರಿಯ ಒಂದು ತಟ್ಟೆ ಬೇಕು. ಅಪ್ಪ ಅಮ್ಮನ ಇಡ್ಲಿ ಪಾತ್ರೆಯ ಅಲ್ಯೂಮಿನಿಯಂ ಮುಚ್ಚಳ ತೆಗೆದುಕೊಂಡು, ಅಮ್ಮ ಅಂಗಡಿಗೆ ಹೋದ ಹೊತ್ತು ನೋಡಿ, ನಡುವೆ ತೂತು ಕೊರೆದರು. ನಾನು ನನ್ನ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ಡ್ರಾಯಿಂಗ್ ಹಾಳೆಯ ಮೇಲೆ ಒಂದೊಂದೇ ಡಿಗ್ರಿ ಗೆರೆ ಎಳೆದು ಅದಕ್ಕೆ ಅಂಟಿಸಿದೆ. ಅಮ್ಮ ಹಿಂತಿರುಗಿ ಬಂದು ಮುಚ್ಚಳವನ್ನೂ ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬಹಳ ವಾರ ನಮ್ಮ ಇಡ್ಲಿ ಊಟದ ಬಟ್ಟಲಿನ ಕೆಳಗೆ, ಅದರ ಮೇಲೆ ಸಾಣೆಕಲ್ಲಿನ ಭಾರ ಹೊತ್ತುಕೊಂಡು ಬೆಂದಿತು.

ಮುಚ್ಚಳವನ್ನು ಸಣ್ಣ ಚಕ್ರದ ತುದಿಗೆ ಬಿಗಿದು, ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿಯನ್ನು ಬಗ್ಗಿಸಿ ಮುಳ್ಳು ಮಾಡಿದೆವು. ಗಾಳಿಯ ಆ ಬಾಗಿಲು, ಅಂದರೆ ವಾಲ್ವ್, ಎಷ್ಟು ತೆರೆದಿದೆ ಎಂದು ತೋರಿಸುವ ಗೇಜನ್ನು ಅಪ್ಪ ಗ್ಯಾರೇಜಿನಿಂದ ಕೇಳಿ ತಂದಿದ್ದರು. ಅವರು ಸ್ಪಾನರ್ ತಿರುಗಿಸುವುದು, ನಾನು ಡಿಗ್ರಿ ಓದುವುದು. ಪೂರ್ತಿ ತೆರೆದ ಜಾಗದಲ್ಲಿ ಗೇಜಿನ ಮುಳ್ಳು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ, ಅಲ್ಲಿ ನಿಜವಾದ ಡಿಗ್ರಿ ಸಿಗುವುದಿಲ್ಲ. ಹಾಗಾಗಿ ಅದಕ್ಕೆ ಸ್ವಲ್ಪ ಮೊದಲು ಒಂದು, ಸ್ವಲ್ಪ ನಂತರ ಅಷ್ಟೇ ಇಳಿದಾಗ ಇನ್ನೊಂದು ಓದಿ, ಎರಡನ್ನೂ ಕೂಡಿಸಿ ಅರ್ಧ ಮಾಡಬೇಕು. ಪಿಸ್ಟನ್ ಮೇಲಿನ ತುದಿಯಲ್ಲಿದ್ದಾಗಿನಿಂದ ಎಣಿಸಿ, ಈ ಇಂಜಿನಿಗೆ ನೂರ ಏಳು ಬಂದರೆ ಸರಿ. ಎರಡು ಶುಕ್ರವಾರ ಕೂತ ಮೇಲೆ ನೂರ ಏಳು ಬಂತು. ಅಪ್ಪ ಅಮ್ಮನ ಕೆಂಪು ನೈಲ್ ಪಾಲಿಶ್ ಕೇಳಿ ಪಡೆದು ದೊಡ್ಡ ಚಕ್ರದ ಆ ಒಂದು ಹಲ್ಲಿನ ಬುಡಕ್ಕೆ ಒಂದು ಚುಕ್ಕೆ ಇಟ್ಟರು. ಮತ್ತೆ ಹಳೆಯ ಚೈನು ಸಡಿಲವೆಂದು ಬಿಚ್ಚಿ, ಚಕ್ರಗಳನ್ನು ಪೇಪರಿನ ಮೇಲಿಟ್ಟರು. ಹೊಸ ಚೈನು ಊರಿನಿಂದ ಬರುವ ಪರಿಚಯದವರ ಬ್ಯಾಗಿನಲ್ಲಿ ಬರಬೇಕಿತ್ತು.

ಅದು ಬರುವ ಮೊದಲು ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನಕ್ಕೆ ದೀಪಾವಳಿಗಿಂತ ಹೆಚ್ಚು ಮರ್ಯಾದೆ. ಕೈಯಿಂದ ದುಡಿದು ತಿನ್ನುವವರ ಹಬ್ಬ ಅದು ಎಂದು ಅಮ್ಮ ಹೇಳುತ್ತಿದ್ದಳು. ಹೊಲಿಗೆ ಮೆಷಿನ್, ಕತ್ತರಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಅಪ್ಪನ ಸ್ಪಾನರುಗಳು, ನನ್ನ ಕಂಪಾಸ್ ಬಾಕ್ಸು ಎಲ್ಲವೂ ಹೊಳೆಯಬೇಕು, ಆಮೇಲೆ ಗಂಧ ಕುಂಕುಮ. ಆ ಬೆಳಿಗ್ಗೆ ಅಪ್ಪ ಡ್ಯೂಟಿಯಲ್ಲಿದ್ದರು. ಅಮ್ಮ ಪಾಯಸದ ಪಾತ್ರೆಯ ಮುಂದಿನಿಂದಲೇ ಕೂಗಿದಳು:

“ಇಂಜಿನಿನ ಸಾಮಾನನ್ನೂ ಒರೆಸಿ ಇಡು. ಎಣ್ಣೆ ಜಿಡ್ಡು ಇರ್ಬಾರ್ದು, ಆಯ್ತಾ?”

ನಾನು ಹೇಳಿದ್ದಕ್ಕಿಂತ ಒಂದು ಕೈ ಮೇಲೆಯೇ ಮಾಡುವ ಹುಡುಗಿ. ಪೇಂಟು ಕರಗಿಸುವ ಅಪ್ಪನ ಥಿನ್ನರ್ ಬಾಟಲಿ ತೆಗೆದು, ಹಳೆಯ ಬನಿಯನ್ನಿನ ತುಂಡು ಅದ್ದಿ ದೊಡ್ಡ ಚಕ್ರವನ್ನು ತಿಕ್ಕಿ ತಿಕ್ಕಿ ಬೆಳ್ಳಿ ಮಾಡಿದೆ. ಬಟ್ಟೆ ಮಡಚುವಾಗ ಅದರ ಮೇಲೆ ಸ್ವಲ್ಪ ಕೆಂಪು ಕಂಡಿತು. ಚಕ್ರ ತಿರುಗಿಸಿ ತಿರುಗಿಸಿ ನೋಡಿದೆ. ಚುಕ್ಕೆ ಇರಲಿಲ್ಲ. ಅಮ್ಮನಿಗೆ ಹೇಳಬಹುದಿತ್ತು, ಅವಳು ಹತ್ತು ಹೆಜ್ಜೆ ದೂರದಲ್ಲಿದ್ದಳು. ನಾನು ಮಾಡಿದ್ದೇ ಬೇರೆ. ಕಪಾಟಿನಿಂದ ಅದೇ ನೈಲ್ ಪಾಲಿಶ್ ತಂದು, ಇಲ್ಲೇ ಇತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಒಂದು ಹಲ್ಲಿನ ಬುಡಕ್ಕೆ ಅಪ್ಪ ಇಟ್ಟಷ್ಟೇ ದೊಡ್ಡ ಚುಕ್ಕೆ ಇಟ್ಟೆ. ಬಹಳ ಚೆನ್ನಾಗಿಯೇ ಬಂದಿತ್ತು. ಅಮ್ಮ ಬಂದು ಎಲ್ಲದಕ್ಕೂ ಕುಂಕುಮ ಹಚ್ಚಿ ಆರತಿ ಎತ್ತಿದಳು. ಸಂಜೆ ಅಪ್ಪ ಚಕ್ರದ ಹೊಳಪು ನೋಡಿ “ನಿನ್ನನ್ನು ಗ್ಯಾರೇಜಿಗೆ ಸೇರಿಸ್ಬೇಕು” ಎಂದರು. ನಾನು ನನ್ನ ಪಾಯಸವನ್ನು ಅವರ ಲೋಟಕ್ಕೇ ಸುರಿದೆ.

ಎರಡು ದಿನದಲ್ಲಿ ಚೈನು ಬಂತು. ಅಪ್ಪ ಚುಕ್ಕೆಗೆ ಚುಕ್ಕೆ ಎದುರಿಟ್ಟು ಚೈನು ಹಾಕಿ, ಮುಚ್ಚಿ, ಬೋಲ್ಟು ಬಿಗಿದು, ಮತ್ತೆ ಗೆಳೆಯರನ್ನು ಕರೆಸಿ ಇಂಜಿನನ್ನು ಕಾರಿಗೆ ಕೂರಿಸಿದರು. ಇನ್ನೊಮ್ಮೆ ಅಳೆಯಲಿಲ್ಲ. ಹಾಜಿಯ ವಿಮಾನಕ್ಕೆ ಇದ್ದದ್ದು ಎರಡೇ ವಾರ. ಅದಲ್ಲದೆ ತಾವೇ ಅಳೆದು ಇಟ್ಟ ಗುರುತನ್ನು ಅಪ್ಪ ಎಂದೂ ಅನುಮಾನಿಸಿದವರಲ್ಲ. ಇಂಜಿನ್ ಸ್ಟಾರ್ಟ್ ಆಯಿತು, ಆದರೆ ಕೆಮ್ಮುತ್ತಲೇ ಇತ್ತು. ಕಾರ್ಬುರೇಟರಿನಿಂದ ಪೆಟ್ರೋಲು ಹಿಂದಕ್ಕೆ ಉಗಿಯಿತು. ಗೇರಿಗೆ ಹಾಕಿದರೆ ಗೇಟಿನ ತನಕ ಹೋಗಲೂ ಶಕ್ತಿ ಇಲ್ಲ. ಅಪ್ಪ ಕಾರ್ಬುರೇಟರ್ ಬಿಚ್ಚಿದರು, ಪ್ಲಗ್ಗು ಬದಲಿಸಿದರು, ಕಿಡಿಯ ಟೈಮಿಂಗ್ ಸಾವಿರ ಸಲ ನೋಡಿದರು. ಹತ್ತು ದಿನ ಡ್ಯೂಟಿ ಮುಗಿಸಿ ಬಂದು ನೇರ ಶೆಡ್ಡಿಗೆ. ದಿನಾ ಸಂಜೆ ಹಾಜಿ ಕೋಲೂರಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು. ನಾನು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟೆ. ಪರೀಕ್ಷೆ ಇದೆ ಎಂದೆ. ಯಾವ ಪರೀಕ್ಷೆಯೂ ಇರಲಿಲ್ಲ.

ಭಾನುವಾರ ವಿಮಾನ. ಗುರುವಾರ ಸಂಜೆ ಊಟಕ್ಕೆ ಗಂಜಿ, ಮಾವಿನ ಉಪ್ಪಿನಕಾಯಿ, ಹುರಿದ ಶೇರಿ ಮೀನು. ಅಪ್ಪ ಮೀನು ಮುಟ್ಟಲಿಲ್ಲ.

“ನಾಳೆ ಬೆಳಿಗ್ಗೆ ಹಾಜಿಗೆ ಹೇಳಿ ಬಿಡ್ತೇನೆ” ಎಂದರು.

“ಎಂತ ಹೇಳುದು?”

“ನನ್ನ ಕೈಯಿಂದ ಆಗ್ಲಿಲ್ಲ ಅಂತ. ಇನ್ನೆಂತ ಹೇಳುದು?” ತಮ್ಮ ಬಲಗೈಯನ್ನು ಮಗುಚಿ ನೋಡಿಕೊಂಡರು. “ಹಿಂದೆ ಕಣ್ಣು ಮುಚ್ಚಿ ಮಾಡ್ತಿದ್ದ ಕೆಲಸ ಇದು. ಈಗ ಎಲ್ಲಿ ತಪ್ತಾ ಉಂಟು ಅಂತಲೇ ಗೊತ್ತಾಗುದಿಲ್ಲ. ಅವರ ಮಗನೇ ದೊಡ್ಡ ಗಾಡಿಯಲ್ಲಿ ಕರ್ಕೊಂಡು ಹೋಗ್ಲಿ.”

ಅಪ್ಪ ನನ್ನನ್ನು ಬೈದಿದ್ದರೆ, ಹೊಡೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ ಹೇಳಲಾರೆ. ಆದರೆ ಅವರು ತಮ್ಮ ಕೈಯನ್ನು ಹಾಗೆ ಅಪರಿಚಿತರ ಕೈ ನೋಡಿದ ಹಾಗೆ ನೋಡಿದ್ದನ್ನು ನನ್ನಿಂದ ತಾಳಲಾಗಲಿಲ್ಲ. ಗಂಜಿಯ ಬಟ್ಟಲು ಬದಿಗೆ ಸರಿಸಿ, ಥಿನ್ನರು, ಬನಿಯನ್ ತುಂಡು, ನೈಲ್ ಪಾಲಿಶ್ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಎ.ಸಿ. ಕಿರುಚುತ್ತಲೇ ಇತ್ತು. ಅಮ್ಮ ಮೊದಲು ಮಾತಾಡಿದಳು.

“ಒರೆಸ್ಲಿಕ್ಕೆ ಹೇಳಿದ್ದು ನಾನು. ಅವಳಿಗೆ ಬೈಬೇಡಿ.”

“ಒರೆಸಿದ್ದು ತಪ್ಪಲ್ಲ” ಎಂದರು ಅಪ್ಪ. ದನಿ ಎತ್ತರಿಸಲೂ ಇಲ್ಲ. “ಹಬ್ಬಕ್ಕೆ ಒರೆಸ್ಲೇಬೇಕು. ಚುಕ್ಕೆ ಇಟ್ಟದ್ದು ತಪ್ಪು ಮಗಾ. ಚುಕ್ಕೆ ಇಲ್ದಿದ್ರೆ ನಾನು ಇನ್ನೊಂದು ಸಲ ಅಳೀತಿದ್ದೆ. ಒಂದು ಬೆಳಿಗ್ಗೆಯ ಕೆಲಸ ಅಷ್ಟೆ. ಚುಕ್ಕೆ ಇತ್ತು, ಹಾಗಾಗಿ ನಂಬಿದೆ.”

ನಾನು ಜೋರಾಗಿ ಅತ್ತೆ. ಅಪ್ಪ ಎದ್ದು ಕೈ ತೊಳೆದು ಬಂದು ಮತ್ತೆ ಕೂತರು. ಅಮ್ಮ ಬಡಿಸುವ ಮೊದಲೇ ತಾವೇ ಒಂದು ತುಂಡು ಮೀನು ಹಾಕಿಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಹಗುರತನ ಕಂಡಿತು. ಹತ್ತು ದಿನದ ಮೇಲೆ ಅವರ ಕೈ ಅವರಿಗೆ ವಾಪಸ್ ಸಿಕ್ಕಿತ್ತು.

“ಮುಚ್ಚಳ ಉಂಟಾ ನೋಡು. ಬೆಳಿಗ್ಗೆ ಐದಕ್ಕೆ ಏಳ್ಬೇಕು.”

ಮುಚ್ಚಳ ಅಡುಗೆಮನೆಗೆ ಮರಳಿ, ಮೇಲಿನ ಕಾಗದ ಇಡ್ಲಿಯ ಹಬೆಗೆ ಎದ್ದುಬಂದಿತ್ತು. ಮೇಜಿಗೆ ಕೂತು ಹೊಸ ಹಾಳೆಯ ಮೇಲೆ ಮುನ್ನೂರ ಅರವತ್ತು ಗೆರೆಗಳನ್ನೂ ಮತ್ತೆ ಎಳೆದೆ. ಅಮ್ಮ ಮೈದಾ ಅಂಟು ಕುದಿಸಿ ಕೊಟ್ಟಳು. ಬೆಳಿಗ್ಗೆ ಶೆಡ್ಡಿನಲ್ಲಿ ತಣ್ಣಗಿನ ಗಾಳಿ ಇತ್ತು. ರೇಡಿಯೇಟರ್ ಇಳಿಸಿ, ಮುಂದಿನ ತಗಡು ಬಿಚ್ಚಿ, ಮುಚ್ಚಳ ಕಟ್ಟಿದೆವು. ಇಕ್ಕಟ್ಟಿನಲ್ಲಿ ಗೇಜನ್ನು ಹಿಡಿಯಲು ಅಪ್ಪನ ಎರಡೂ ಕೈ ಬೇಕಾಯಿತು. ಹಾಗಾಗಿ ಅಮ್ಮ ಸೆರಗು ಸಿಕ್ಕಿಸಿ ಸ್ಪಾನರ್ ಹಿಡಿದಳು. “ಮೆಲ್ಲ, ಮೆಲ್ಲ, ಹಿಂದೆ ತಿರುಗಿಸ್ಬೇಡ” ಎಂದು ಅಪ್ಪ ಹೇಳುವುದು, “ಹಿಟ್ಟು ರುಬ್ಬಿದವಳಿಗೆ ನೀವು ತಿರುಗಿಸ್ಲಿಕ್ಕೆ ಕಲಿಸ್ಬೇಡಿ” ಎಂದು ಅವಳು ಹೇಳುವುದು. ನಾನು ತಂತಿಯ ಮುಳ್ಳಿಗೆ ಕಣ್ಣು ಹಚ್ಚಿ ಓದಿದೆ. ಮೊದಲು ಎಂಬತ್ತನಾಲ್ಕು, ಆಮೇಲೆ ನೂರ ಅರವತ್ತಾರು. ಕೂಡಿಸಿ ಅರ್ಧ ಮಾಡಿದರೆ ನೂರ ಇಪ್ಪತ್ತೈದು. ಹದಿನೆಂಟು ಡಿಗ್ರಿ ತಡ.

“ಒಂದೇ ಒಂದು ಹಲ್ಲು” ಎಂದರು ಅಪ್ಪ.

ಒಂದು ಹಲ್ಲು ಸರಿಸಿ ಚೈನು ಹಾಕಿ ಮತ್ತೆ ತಿರುಗಿಸಿದೆವು. ಅರವತ್ತಾರು, ನೂರ ನಲವತ್ತೆಂಟು. ಕೂಡಿಸಿ ಅರ್ಧ ಮಾಡಿದೆ. ನೂರ ಏಳು. ಅಪ್ಪ ಇನ್ನೊಂದು ಸಲ ಓದಿಸಿದರು, ಮೂರನೆಯ ಸಲವೂ ಓದಿಸಿದರು. ಮೂರು ಸಲವೂ ನಾನು ಹೇಳಿದ್ದನ್ನೇ ನಂಬಿದರು. ತಾವು ಬಗ್ಗಿ ನೋಡಲಿಲ್ಲ. ಹಿಂದಿನ ಸಂಜೆಯಷ್ಟೇ ಅಂಥ ಸುಳ್ಳು ಒಪ್ಪಿಕೊಂಡವಳ ಕಣ್ಣನ್ನು ಅವರು ಅಷ್ಟು ಬೇಗ ನಂಬಿದರಲ್ಲ, ಆ ಉಪಕಾರಕ್ಕೆ ಸಮನಾದದ್ದನ್ನು ನನಗೆ ಮತ್ತೆ ಯಾರೂ ಮಾಡಿಲ್ಲ. ಈಗ ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ಸಂಖ್ಯೆಗಳನ್ನು ಓದಿ ಬರೆಯುತ್ತೇನೆ. ಆ ಕೆಲಸ ನನಗೆ ಬಂದದ್ದು ಆ ಶೆಡ್ಡಿನಿಂದ.

ಜುಮ್ಮಾ ನಮಾಜು ಮುಗಿಸಿ ಹಾಜಿ ಈದ್‌ಗೆ ಹೊರಟವರ ಹಾಗೆ ಬಿಳಿ ಉಡುಪಿನಲ್ಲಿ, ಅತ್ತರು ಹಚ್ಚಿಕೊಂಡು ಬಂದರು. ಇಂಜಿನ್ ಕೀಲಿ ತಿರುಗಿಸಿದ್ದೇ ತಡ ಎದ್ದಿತು, ಕೆಮ್ಮಲಿಲ್ಲ. “ಯಲ್ಲಾ, ಹೊರಡೋಣ!” ಎಂದು ಹಾಜಿ ಕೋಲಿನಿಂದ ನೆಲ ಕುಟ್ಟಿದರು. ಮುಂದೆ ಅಪ್ಪ ಮತ್ತು ಅವರು, ಹಿಂದೆ ನಾನು, ಅಮ್ಮ, ಚಾದ ಫ್ಲಾಸ್ಕು. ಅವರ ಮಗ ದೊಡ್ಡ ಗಾಡಿಯಲ್ಲಿ ನಮ್ಮ ಹಿಂದೆಯೇ ಬಂದರು, ದಾರಿಯಲ್ಲಿ ಕೈಕೊಟ್ಟರೆ ಬೇಕಲ್ಲ ಎಂದು. ಕೈಕೊಡಲಿಲ್ಲ. ಉತ್ತರದ ಆ ನೇರ ರಸ್ತೆಯುದ್ದಕ್ಕೂ ಎಲ್ಲರೂ ನಮ್ಮನ್ನು ದಾಟಿಕೊಂಡು ಹೋದರು, ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಕಡಲ ದಡದಲ್ಲಿ ಹಾಜಿ ಇಳಿದು ಬಹಳ ಹೊತ್ತು ನೀರಿನ ಕಡೆ ನೋಡುತ್ತ ನಿಂತರು. ಅಮ್ಮ ಕೊಟ್ಟ ಚಾ ಅವರ ಕೈಯಲ್ಲೇ ಆರಿತು. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು “ಮೊದಲಿನ ಹಾಗೇ ಇದೆ” ಎಂದರು. ಅಪ್ಪ ನನ್ನ ಕಡೆ ಕೈ ತೋರಿಸಿ “ಲೆಕ್ಕ ಮಾಡಿದ್ದು ಇವಳು” ಎಂದರು. ಅಷ್ಟಕ್ಕೇ ನಿಲ್ಲಿಸಿದರು. ಉಳಿದದ್ದನ್ನು ಹೇಳುವ ಉದ್ದೇಶ ಅವರಿಗಿರಲಿಲ್ಲ. ಹಾಜಿ ನನ್ನ ತಲೆ ಸವರಿ ಶಾಬಾಶ್ ಎಂದಾಗ ನಾನೇ ಹೇಳಿದೆ:

“ಹಾಜಿ, ಮೊದಲು ಕೆಡಿಸಿದ್ದೂ ನಾನೇ. ಗುರುತು ಅಳಿಸಿ ಸುಳ್ಳು ಗುರುತು ಇಟ್ಟಿದ್ದೆ.”

ಅವರು ಸ್ವಲ್ಪ ಹೊತ್ತು ನನ್ನ ಮುಖದ ಹತ್ತಿರ ಬಗ್ಗಿ, ಇದ್ದಷ್ಟು ದೃಷ್ಟಿಯಲ್ಲಿ ನನ್ನನ್ನು ಚೆನ್ನಾಗಿ ನೋಡಿದರು. ಆಮೇಲೆ ಆರಿದ ಚಾವನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಅಮ್ಮನಿಗೆ ಕೊಟ್ಟರು.

ಆಪರೇಷನ್ನಿನಿಂದ ಹೆಚ್ಚೇನೂ ಆಗಲಿಲ್ಲ. ಡಿಸೆಂಬರಿನಲ್ಲಿ ಹಿಂತಿರುಗಿದಾಗ ಹಾಜಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತಿತ್ತು. ಕಣ್ಣಿಗೆ ಹೊತ್ತು ಹೊತ್ತಿಗೆ ನಾಲ್ಕು ಬಗೆಯ ಹನಿಮದ್ದು, ಒಂದೇ ಥರದ ಪುಟ್ಟ ಬಾಟಲಿಗಳಲ್ಲಿ. ಮನೆ ತುಂಬ ಓದು ಬಲ್ಲ ಮೊಮ್ಮಕ್ಕಳಿದ್ದರು. ಆದರೂ ಅವರು ದಿನಾ ಸಂಜೆ ನಮ್ಮ ಕೋಣೆಗೆ ಹೇಳಿಕಳಿಸಿ ನನ್ನನ್ನೇ ಕರೆಸಿಕೊಳ್ಳುತ್ತಿದ್ದರು. ನಾನು ಬಾಟಲಿಯ ಮೇಲಿನ ಹೆಸರು ಓದುವುದು, ಅವರು ಹೂಂ ಎನ್ನುವುದು, ಆಮೇಲೆ ನಾನು ಹನಿ ಬಿಡುವುದು. ಯಾಕೆ ನಾನೇ ಎಂದು ನನಗೆ ತಿಳಿಯುತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಒಂದು ಸಂಜೆ ಒಂದು ಬಾಟಲಿಯ ಚೀಟಿ ಒದ್ದೆಯಾಗಿ ಅಕ್ಷರ ಕದಡಿಹೋಗಿತ್ತು. ಅದು ಯಾವ ಮದ್ದೆಂದು ಹೆಚ್ಚುಕಡಿಮೆ ಊಹಿಸಬಹುದಿತ್ತು, ಅಂದು ಚುಕ್ಕೆಯ ಜಾಗ ಊಹಿಸಿದ ಹಾಗೆ.

“ಓದಲಿಕ್ಕೆ ಆಗುತ್ತಿಲ್ಲ, ಹಾಜಿ. ಇದು ಯಾವುದೋ ಗೊತ್ತಿಲ್ಲ.”

ಅವರು ಕೈಚಾಚಿ ಬಾಟಲಿ ತೆಗೆದುಕೊಂಡು, ತಡವಿ ಕಸದ ಬುಟ್ಟಿ ಹುಡುಕಿ ಅದರಲ್ಲಿ ಹಾಕಿದರು.

“ಖಲಾಸ್. ಹೊಸದು ತರಿಸೋಣ” ಎಂದರು. “ಇದಕ್ಕೇ ನಿನ್ನನ್ನು ಕರೆಯುವುದು.”